ಪಣಜಿಯ ಗಲ್ಲಿಯಲ್ಲೊಂದು ತಾವೆರ್ನ

ಪಣಜಿಯಲ್ಲಿ ಬಸ್ಸು ನಮ್ಮನ್ನು ಇಳಿಸುವುದು ಕದಂಬ ಬಸ್ ನಿಲ್ದಾಣದಲ್ಲಿ. ಗೋವಾದ ಸರ್ಕಾರಿ ಬಸ್ಸುಗಳ ಮೈಮೇಲೆಲ್ಲ ಅದೇ ಹೆಸರು. ಇಲ್ಲಿ ಆಳಿದ ಕದಂಬರು ನಮ್ಮ ಬನವಾಸಿಯವರ ಕುಡಿ. ನಿಲ್ದಾಣದಿಂದ ಹೊರಟು ಔರೆಂ ಹಳ್ಳದ ಸೇತುವೆ ದಾಟಿದರೆ ಪೋರ್ಚುಗೀಸರ ಕಾಲದ ಫೊಂತೈನ್ಯಾಸ್ ಬಡಾವಣೆ. ಕದಂಬರಿಂದ ಪೋರ್ಚುಗೀಸರವರೆಗೆ ಹತ್ತು ನಿಮಿಷದ ನಡಿಗೆಯಲ್ಲಿ ಮುಟ್ಟಿಸುವ ಊರನ್ನು ನಾನು ಬೇರೆಲ್ಲೂ ಕಂಡಿಲ್ಲ!

ಗಲ್ಲಿಗಳು ಇಕ್ಕಟ್ಟು. ಎರಡೂ ಬದಿಗೆ ಕೆಂಪು ಹೆಂಚಿನ ಮನೆಗಳು, ಬೀದಿಯ ಮೇಲಕ್ಕೆ ಬಾಗಿದ ಬಾಲ್ಕನಿಗಳು. ಗೋಡೆಗಳು ಕಡು ಹಳದಿ, ನೀಲಿ, ಇಟ್ಟಿಗೆಗೆಂಪು. ಪೋರ್ಚುಗೀಸರ ಕಾಲದಲ್ಲಿ ವರ್ಷಕ್ಕೊಮ್ಮೆ ಮನೆಗೆ ಬಣ್ಣ ಬಳಿಯಲೇಬೇಕೆಂಬ ಕಟ್ಟಳೆಯಿತ್ತಂತೆ. ಬಿಳಿ ಮಾತ್ರ ಚರ್ಚುಗಳಿಗೆ ಮೀಸಲು. 1961ರಲ್ಲಿ ಅವರು ಹೋದರು, ಬಣ್ಣ ಉಳಿಯಿತು.

ಈ ಮನೆಗಳ ನಡುವೆಯೇ ಜೋಸೆಫ್ ಬಾರ್. ಹುಡುಕಿಕೊಂಡು ಹೋದವರೂ ಒಮ್ಮೆ ಮುಂದೆ ಹೋಗಿ ಹಿಂದಿರುಗುವಷ್ಟು ಸಣ್ಣದು. ಗೋವಾದವರು ಇಂಥ ಅಂಗಡಿಯನ್ನು ತಾವೆರ್ನ ಎನ್ನುತ್ತಾರೆ. ಬೆರಳೆಣಿಕೆಯ ಜನ ಕೂತರೆ ಒಳಗೆ ಜಾಗ ಮುಗಿಯಿತು. ಉಳಿದವರು ಗ್ಲಾಸು ಹಿಡಿದು ಗಲ್ಲಿಯಲ್ಲೇ ನಿಲ್ಲುತ್ತಾರೆ. ಸಂಜೆಯಾದಂತೆ ಬಾರ್ ಎಲ್ಲಿ ಮುಗಿಯಿತು, ಬೀದಿ ಎಲ್ಲಿ ಶುರುವಾಯಿತು ಎಂದು ಹೇಳುವುದೇ ಕಷ್ಟ. ಸ್ಕೂಟರ್ ಬಂದರೆ ಎಲ್ಲರೂ ಗೋಡೆಗೆ ಒತ್ತಿ ದಾರಿ ಬಿಡುತ್ತಾರೆ. ಮಾತು ಮಾತ್ರ ನಿಲ್ಲುವುದಿಲ್ಲ.

ನಾನು ಹೋದದ್ದು ಏಪ್ರಿಲ್‌ನಲ್ಲಿ, ಅಂದರೆ ಉರಾಕ್ ಕಾಲದಲ್ಲಿ. ತಾನಾಗಿ ಉದುರಿದ ಗೇರುಹಣ್ಣನ್ನೇ ಆಯ್ದು, ಬೀಜ ಕಿತ್ತು, ಬಂಡೆಯಲ್ಲಿ ಕೊರೆದ ತೊಟ್ಟಿಯಲ್ಲಿ ಕಾಲಿನಿಂದ ತುಳಿದು ರಸ ತೆಗೆಯುವುದು ಹಳೆಯ ಪದ್ಧತಿ. ಆ ರಸ ಕೆಲವು ದಿನ ಹುಳಿತು, ಭಟ್ಟಿಯಲ್ಲಿ ಒಮ್ಮೆ ಇಳಿದರೆ ಉರಾಕ್. ಮತ್ತೆ ಭಟ್ಟಿಯೇರಿದರೆ ಫೆನಿ. ಉರಾಕಿನಲ್ಲಿ ಮದ್ಯಸಾರ ಶೇ. 15ರ ಆಸುಪಾಸು, ಫೆನಿಯಲ್ಲಿ 40ಕ್ಕೂ ಮೇಲೆ. ಫೆನಿಯನ್ನು ವರ್ಷಗಟ್ಟಲೆ ಇಡಬಹುದು, ಉರಾಕ್ ಹಾಗಲ್ಲ. ಗೇರುಹಣ್ಣಿನ ಜೊತೆ ಬಂದು ಮಳೆಯ ಹೊತ್ತಿಗೆ ಹೊರಟುಬಿಡುತ್ತದೆ.

ಲಿಮ್ಕಾ, ನಿಂಬೆ, ಚಿಟಿಕೆ ಉಪ್ಪು, ಸೀಳಿದ ಹಸಿಮೆಣಸು ಬೆರೆತ ಗ್ಲಾಸು ಕೈಗೆ ಬಂತು. ಮೊದಲು ಮೂಗಿಗೆ ಹಣ್ಣಿನ ಒಗರು, ಆಮೇಲೆ ತಂಪು, ಕೊನೆಗೆ ಮೆಣಸಿನ ಚುರುಕು. ಫೋನಿನಲ್ಲಿ ನನ್ನ ಕನ್ನಡ ಕೇಳಿದ ಪಕ್ಕದವರು ತಿರುಗಿದರು.

“ಯಾವೂರ್ರೀ ನಿಮ್ದು? ನಾವು ಬಾದಾಮಿ ಕಡೇವ್ರು. ಮಳಿ ನಿಂತ ಮ್ಯಾಲ ಈ ಮನಿಗೋಳಿಗೆ ಬಣ್ಣಾ ಹಚ್ಚೋದು ನಮ್ಮ ಕೆಲಸಾ ನೋಡ್ರಿ.”

ನಾನು ಬೆರಗಾಗಿ ನೋಡಿದ ಆ ಹಳದಿ, ಆ ನೀಲಿ ಬಾದಾಮಿಯ ಕೈಗಳದ್ದು! ಅವರು ನನ್ನ ಗ್ಲಾಸಿನ ಕಡೆ ಕೈ ತೋರಿ ಎಚ್ಚರಿಸಿದರು: “ಉರಾಕ್ ಹಗೂರ ಅಂತ ತಿಳೀಬ್ಯಾಡ್ರಿ. ಕುಂತಾಗ ಏನೂ ಇಲ್ಲ, ಏಳೂಮುಂದ ಗೊತ್ತಾಗತೈತಿ.”

ಗೇರುಮರವೂ ಇಲ್ಲಿಯದಲ್ಲ, ಬ್ರೆಜಿಲ್‌ನಿಂದ ಪೋರ್ಚುಗೀಸರು 16ನೇ ಶತಮಾನದಲ್ಲಿ ತಂದದ್ದು. ನಮ್ಮ ಕರಾವಳಿಯಲ್ಲೂ ಅದೇ ಮರ, ಅದೇ ಹಣ್ಣು. ಆದರೆ ನಾವು ಬೀಜ ಕಿತ್ತುಕೊಂಡು ಹಣ್ಣನ್ನು ಬಹುಪಾಲು ಮರದಡಿಯಲ್ಲೇ ಕೊಳೆಯಲು ಬಿಡುತ್ತೇವೆ. ಗೋವಾದವರು ಆ ಹಣ್ಣನ್ನೇ ಹಿಡಿದರು. 2009ರಲ್ಲಿ ಗೋವಾದ ಗೇರು ಫೆನಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. 2016ರಲ್ಲಿ ರಾಜ್ಯ ಸರ್ಕಾರ ಅದನ್ನು ಪಾರಂಪರಿಕ ಪೇಯವೆಂದು ಸಾರಿತು.

ದೊಡ್ಡ ಊರುಗಳಲ್ಲಿ ಈಗ ಹಳೆಯ ಬಾರಿನ ವೇಷ ತೊಟ್ಟ ಹೊಸ ಬಾರುಗಳು ಏಳುತ್ತಿವೆ. ಮಸುಕು ದೀಪ, ಸವೆದಂತೆ ಕಾಣುವ ಮೇಜು, ಎಲ್ಲವನ್ನೂ ಹಣ ಕೊಟ್ಟು ತರಬಹುದು. ಹಣ್ಣು ಉದುರುವುದನ್ನು ಕಾಯುವ ಗಿರಾಕಿಯನ್ನು, ಕೆಲಸ ಮುಗಿಸಿ ನಡೆದೇ ಬರುವ ನೆರೆಯವರನ್ನು ಎಲ್ಲಿಂದ ತರುವುದು? ತಾವೆರ್ನದ ಸೊಗಸೆಲ್ಲ ಇರುವುದು ಅವರಲ್ಲಿ.

ಹೋಗುವುದಾದರೆ ಮಾರ್ಚ್ ಮತ್ತು ಮೇ ನಡುವೆ, ಕತ್ತಲಾಗುವ ಹೊತ್ತಿಗೆ, ನಡೆದೇ ಹೋಗಿ. ಆ ಬಣ್ಣದ ಗೋಡೆಗಳ ಹಿಂದೆ ಸಂಸಾರಗಳಿವೆ. ಫೋಟೊ ತೆಗೆಯುವವರ ಕಾಟಕ್ಕೆ ಬೇಸತ್ತು ಕೆಲವರು ಬಾಗಿಲ ಬಳಿ ಫಲಕವನ್ನೇ ಹಾಕಿದ್ದಾರೆ. ದನಿ ತಗ್ಗಿಸಿ ಮಾತಾಡಿ, ಯಾರ ಹೊಸಿಲ ಮೇಲೂ ಗ್ಲಾಸು ಇಡಬೇಡಿ.