ಅಪ್ಪ ಮೇಕೆ ಮೇಯಿಸಿದ ಜ್ವಾಲಾಮುಖಿ

ಪಿಯುಸಿ ಮುಗಿದಾಗ ಭೂವಿಜ್ಞಾನ ಓದ್ತೀನಿ ಅಂದಿದ್ದೆ. ‘ಕಲ್ಲು ಓದಿದ್ರೆ ಹೊಟ್ಟೆ ತುಂಬುತ್ತಾ?’ ಅಂದಿದ್ರು ಅಪ್ಪ. ಪೀಣ್ಯದಲ್ಲಿ ಲೇತ್ ಮುಂದೆ ನಿಂತು ದುಡಿದು ನನ್ನನ್ನು ಎಂಜಿನಿಯರಿಂಗ್ ಓದಿಸಿದರು. ಹನ್ನೆರಡು ವರ್ಷದ ನಂತರ, ಈ ಬೇಸಿಗೆಯಲ್ಲಿ, ವೈಟ್‌ಫೀಲ್ಡ್‌ನ ಆಫೀಸಿಗೆ ರಜೆ ಹಾಕಿ ಜ್ವಾಲಾಮುಖಿ ಶಿಲೆಗಳ ಕ್ಷೇತ್ರ ಶಿಬಿರಕ್ಕೆ ಸೇರಿದೆ.

ಕರ್ನಾಟಕದಲ್ಲೂ ಜ್ವಾಲಾಮುಖಿಯಾ ಅಂತೀರಾ? ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಗೆ ಹೋಗಿ ನೋಡಿ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿ ಉಕ್ಕಿದ ಲಾವಾ ಅಲ್ಲಿದೆ. ನೀರು ತಾಗಿದ ಕೂಡಲೇ ಹೊರಮೈ ಗಟ್ಟಿಯಾಗಿ, ಒಳಗಿನ ಬಿಸಿ ರಸ ಉಬ್ಬಿ, ಒಂದರ ಮೇಲೊಂದು ದಿಂಬು ಒಟ್ಟಿದ ಹಾಗಾಗಿದೆ. ಅದಕ್ಕೇ ‘ದಿಂಬು ಲಾವಾ’ ಅಂತ ಹೆಸರು. ಈಗದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಅಪ್ಪನ ಹುಟ್ಟೂರೂ ಅದೇ ಸೀಮೆ. ಫೋಟೊ ಕಳಿಸಿದೆ. ತಕ್ಷಣ ಫೋನ್ ಬಂತು.

‘ಇದ್ರ ಮೇಲೆ ಮಲ್ಕೊಂಡೇ ಮೇಕೆ ಕಾಯ್ತಿದ್ವಲ್ಲಮ್ಮ! ಬೆಂಕಿಯಿಂದ ಆಗಿದ್ದು ಅಂತ ಯಾರೂ ಹೇಳಿರ್ಲಿಲ್ಲ.’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವತ್ತು ನಿನ್ನ ತಡೀಬಾರದಿತ್ತೇನೋ’ ಅಂದರು.

ಹನ್ನೆರಡು ವರ್ಷ ನಾನು ಕಾದಿದ್ದ ಮಾತು. ಕೇಳಿದ ಮೇಲೆ ಸಿಟ್ಟೇ ಬರಲಿಲ್ಲ.

‘ಬಿಡಪ್ಪಾ, ಭಾನುವಾರ ನೀನೂ ಬಾ. ಟೋಪಿ ಮರೀಬೇಡ, ಬಿಸಿಲು ಜೋರಿದೆ’ ಅಂದೆ.