ಎಫ್ ಕೀಲಿಯ ಸದ್ದು

ನನ್ನ ತಮ್ಮ ಬೆಂಗಳೂರಿನಿಂದ ಮಡಕಶಿರಕ್ಕೆ ಹೊತ್ತು ತಂದ ಮೆಕ್ಯಾನಿಕಲ್ ಕೀಬೋರ್ಡಲ್ಲಿ, ನುಡಿ ತಂತ್ರಾಂಶ ಹಾಕಿಕೊಂಡು ಕನ್ನಡ ಕುಟ್ಟಿ ನೋಡ್ತಿದೀನಿ. ನೀಲಿ ಸ್ವಿಚ್ಚು. ಒಂದೊಂದು ಕೀಲಿಯ ಕೆಳಗೂ ಅದರದೇ ಸ್ಪ್ರಿಂಗು. ಪೂರ್ತಿ 4 ಮಿ.ಮೀ. ಒತ್ತಬೇಕಿಲ್ಲ, ಸುಮಾರು 2 ಮಿ.ಮೀ. ಇಳಿದರೆ ಸಾಕು, ಅಕ್ಷರ ಬಿತ್ತು, ಟಕ್ ಅಂತ ಸದ್ದೂ ಬಂತು. ಅಮ್ಮ ಒಳಗಿಂದ "ಈ ಹೊತ್ನಲ್ಲಿ ಯಾರೋ ಕಡ್ಲೇಕಾಯಿ ಬಿಡಿಸ್ತಿರೋದು?" ಅಂದ್ರು.

ಮಜಾ ಇರೋದು ಎಫ್ ಕೀಲಿಯಲ್ಲಿ. ನುಡಿ ಅನುಸರಿಸೋ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಒತ್ತಕ್ಷರಕ್ಕೆಲ್ಲ ಅದೇ ಕೊಂಡಿ. 'ಅಕ್ಕ' ಅಂತ ಬರೆಯೋಕೆ ಎ, ಕೆ, ಎಫ್, ಕೆ. ಕನ್ನಡ ಬರೆಯೋರ ಎಡಗೈ ತೋರುಬೆರಳಿಗೆ ಬಿಡುವೇ ಇಲ್ಲ. ಹಳೇ ಮೆತ್ತನೆ ಕೀಬೋರ್ಡಲ್ಲಿ ಒತ್ತಿತೋ ಇಲ್ಲವೋ ಗೊತ್ತಾಗದೆ ಅಕ್ಕ 'ಅಕಕ' ಆಗಿಬಿಡ್ತಿದ್ಲು. ಇಲ್ಲಿ ಕಿವಿಗೇ ತಿಳಿಯುತ್ತೆ.

ತಮ್ಮನಿಗೆ ಇದ್ಯಾವುದೂ ಬೇಡ. ಅವನ ಬೆರಳು ಡ, ಅ, ಸ, ದ ಬಿಟ್ಟು ಕದಲಲ್ಲ. ಗೇಮಲ್ಲಿ ಓಡೋ ನಾಲ್ಕು ಕೀಲಿ ನುಡಿಯಲ್ಲಿ ಇವೇ. ನೀಲಿ ಸ್ವಿಚ್ಚು ಒಮ್ಮೆ ಒತ್ತಿದ ಮೇಲೆ ಇನ್ನೊಮ್ಮೆ ಒತ್ತೋಕೆ ಸ್ವಲ್ಪ ಹೆಚ್ಚೇ ಮೇಲೆ ಬರಬೇಕು, ಸರಸರ ಎರಡು ಸಲ ಒತ್ತೋವಾಗ ಕೈ ಕೊಡುತ್ತಂತೆ. ಕೆಂಪು ಸ್ವಿಚ್ಚಿಂದು ತಗೋಬೇಕಿತ್ತು ಅಂತ ಗೊಣಗಾಟ. ಕೆಂಪಿಗೆ ಟಕ್ ಇಲ್ಲ, ನುಣ್ಣಗೆ ಇಳಿದುಬಿಡುತ್ತೆ, ನನಗಂತೂ ಸಪ್ಪೆ. ಆದರೂ "ಹೌದಪ್ಪ, ನೀನು ಕೆಂಪೇ ತಗೋ" ಅಂತ ಒತ್ತಾಯ ಮಾಡ್ತಿದೀನಿ. ಆಗ ಇದು ನನ್ನದು!