ಹಳೆಯ ಡಿಸ್ಕಿನ ಅಕ್ಷರಗಳು

ಕೊಡಗಿನ ಮಳೆಗಾಲದಲ್ಲಿ ಚಪ್ಪಲಿಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆ. ನನ್ನ ಹತ್ತು ವರ್ಷದ ಲ್ಯಾಪ್‌ಟಾಪಿಗೆ ಹಿಡಿದದ್ದು ಮುಪ್ಪು. ಆನ್ ಮಾಡಿ, ಕಾಫಿ ಕಾಸಿ, ಕುಡಿದು, ಲೋಟ ತೊಳೆದಿಟ್ಟು ಬಂದರೂ ಪರದೆಯಲ್ಲಿ ಚಕ್ರ ತಿರುಗುತ್ತಲೇ ಇರುತ್ತಿತ್ತು. ಆಮೇಲೆ ಒಳಗಿನಿಂದ ಕಟಕಟ ಸದ್ದೂ ಶುರುವಾಯಿತು. ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ವಿಂಡೋಸ್ 11 ಈ ಯಂತ್ರವನ್ನು ಒಪ್ಪಲಿಲ್ಲ. ಹೊಸದು ಕೊಳ್ಳೋಣವೆಂದರೆ ಫೆಲೋಶಿಪ್ ಹಣ ಬಂದಿರಲಿಲ್ಲ.

ಅದರೊಳಗೆ ನನ್ನ ಸಂಶೋಧನೆಯಿತ್ತು. ನಾಪೋಕ್ಲು ಕಡೆಯ ಅಜ್ಜನೊಬ್ಬರು ದುಡಿ ಬಡಿಯುತ್ತ ಹೇಳಿಕೊಟ್ಟ ಕೊಡವ ಹಾಡುಗಳಿದ್ದವು. ಅರ್ಧಕ್ಕೆ ಮಾತ್ರ ಧ್ವನಿಮುದ್ರಣವಿದೆ, ಉಳಿದವು ಬರಿಯ ಟೈಪು. ಅಜ್ಜ ಈಗಿಲ್ಲ.

ಮೊದಲು ಎಲ್ಲವನ್ನೂ ಬೇರೆ ಡಿಸ್ಕಿಗೆ ಪ್ರತಿ ಮಾಡಿಕೊಂಡೆ. ಬ್ಯಾಟರಿ ತೆಗೆದು, ಸ್ಕ್ರೂ ಬಿಚ್ಚಿ, ಹಳೆಯ ಹಾರ್ಡ್‌ಡಿಸ್ಕನ್ನು ಎಳೆದೆ. ಅದರಲ್ಲಿ ತಟ್ಟೆ ಗಿರಗಿರ ತಿರುಗಬೇಕು, ಮುಳ್ಳಿನಂಥ ಕೈಯೊಂದು ಅದರ ಮೇಲೆ ಓಡಾಡಿ ಓದಬೇಕು. ಹೊಸ ಎಸ್‌ಎಸ್‌ಡಿಯಲ್ಲಿ ಅಲ್ಲಾಡುವುದೇನೂ ಇಲ್ಲ. ಎರಡರ ಅಳತೆಯೂ ಎರಡೂವರೆ ಇಂಚು, ಅದೇ ಜಾಗದಲ್ಲಿ ಕೂತಿತು. ಪೆನ್‌ಡ್ರೈವಿನಿಂದ ಉಬುಂಟು ಹಾಕಿದೆ. ಈಗ ನೀರು ಕುದಿಯುವ ಮೊದಲೇ ಲ್ಯಾಪ್‌ಟಾಪ್ ಸಿದ್ಧ.

ಖುಷಿಯಿಂದ ಹಾಡಿನ ಕಡತ ತೆರೆದರೆ ಒಂದೂ ಕನ್ನಡ ಅಕ್ಷರವಿಲ್ಲ! ಪುಟದ ತುಂಬ ರೋಮನ್ ಅಕ್ಷರಗಳು, ತಲೆಯ ಮೇಲೆ ಕೊಂಬು, ಚುಕ್ಕೆ. ಕೈಕಾಲು ತಣ್ಣಗಾಯಿತು.

ತಪ್ಪು ನನ್ನದೇ. ಅಭ್ಯಾಸಬಲದಿಂದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪು ಮಾಡಿದ್ದೆ. ಅಂಥ ಕಡತದಲ್ಲಿ ಕಂಪ್ಯೂಟರ್ ‘ಕ’ವನ್ನು ಇಟ್ಟುಕೊಳ್ಳುವುದೇ ಇಲ್ಲ. ರೋಮನ್ ಅಕ್ಷರದ ಸಂಖ್ಯೆಯನ್ನು ಇಟ್ಟುಕೊಂಡಿರುತ್ತದೆ, ಅದಕ್ಕೆ ಕನ್ನಡದ ಮುಖವಾಡ ತೊಡಿಸುವುದು ಫಾಂಟು. ಫಾಂಟಿಲ್ಲದ ಹೊಸ ಮನೆಯಲ್ಲಿ ಮುಖವಾಡ ಕಳಚಿತ್ತು. 1991ರಿಂದಲೇ ಯೂನಿಕೋಡಿನಲ್ಲಿ ಕನ್ನಡದ ಅಕ್ಷರಗಳಿಗೆ ಅವುಗಳದ್ದೇ ಸಂಖ್ಯೆಗಳಿವೆ. ನಾನು ಬಳಸಿರಲಿಲ್ಲ, ಅಷ್ಟೆ.

ಪರಿವರ್ತಕವೊಂದು ಬಹುಪಾಲನ್ನು ಯೂನಿಕೋಡಿಗೆ ತಂದಿತು. ಆದರೆ ಕೊಡವ ತಕ್ಕ್‌ನಲ್ಲಿ ಕನ್ನಡ ಲಿಪಿಗೆ ಸಿಕ್ಕದ ಎರಡು ಸ್ವರಗಳಿವೆ. ಅವಕ್ಕೆ ನಾನು ಹಾಕಿದ್ದ ಗುರುತುಗಳೆಲ್ಲ ಕಲಸಿಹೋದವು. ಅಲ್ಲಿ ಅಜ್ಜ ‘ಇ’ ಅಂದಿದ್ದರೋ, ನಾಲಿಗೆ ಒಳಗೆಳೆದು ಇನ್ನೊಂದು ಸ್ವರ ಅಂದಿದ್ದರೋ? ಯಂತ್ರಕ್ಕೆ ಗೊತ್ತಿಲ್ಲ, ನನಗೂ ನೆನಪಿಲ್ಲ.

ಲ್ಯಾಪ್‌ಟಾಪ್ ಹಿಡಿದು ಅಜ್ಜನ ಮನೆಗೆ ಹೋದೆ. ಅವರ ಮಗಳು ಕಾಫಿ ಕೊಟ್ಟು, ನಾನು ಓದಿದ್ದನ್ನು ಕೇಳಿದರು.

“ಹಾಗಲ್ಲ ಕುಂಞಿ. ನೀನು ಓದಬೇಡ, ನಾನು ಹಾಡ್ತೇನೆ.”

“ನಿಮಗೆ ಬರ್ತದಾ ಆಂಟಿ? ಮೊದಲೇ ಹೇಳಲಿಲ್ಲ!”

“ನೀನು ಕೇಳಿದ್ದು ಅಪ್ಪನನ್ನು.”

ಮೂರು ಮಧ್ಯಾಹ್ನ ಅವರು ಹಾಡಿದರು, ನಾನು ತಿದ್ದಿದೆ. ಎರಡು ಹಾಡು ಅವರಿಗೂ ಪೂರ್ತಿ ಬರಲಿಲ್ಲ. ಅಲ್ಲಿ ಪ್ರಶ್ನೆಚಿಹ್ನೆ ಹಾಗೇ ಇದೆ.

ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ ಅಚ್ಚಾದದ್ದು 1924ರಲ್ಲಿ. ಇವತ್ತಿಗೂ ಪುಟ ತಿರುಗಿಸಿದರೆ ಸಾಕು, ಓದಬಹುದು. ನನ್ನ ಕಡತಕ್ಕೆ ಹತ್ತು ವರ್ಷವೂ ಆಗಿರಲಿಲ್ಲ. ತಿದ್ದಿದ ಹಾಡುಗಳನ್ನು ಈಗ ಕಾಗದದ ಮೇಲೂ ಮುದ್ರಿಸಿ, ಒಂದು ಪ್ರತಿ ಆಂಟಿಗೆ ಕೊಟ್ಟಿದ್ದೇನೆ. ಹಳೆಯ ಡಿಸ್ಕನ್ನು ಬಿಸಾಡಿಲ್ಲ. ಅಡುಗೆಮನೆಯ ಅಟ್ಟದಲ್ಲಿ, ಬೂಷ್ಟು ಬರದ ಕಡೆ ಇಟ್ಟಿದ್ದೇನೆ.